ಗಿಟಾರಿನ ತಂತಿ: ಉಕ್ಕು ಮತ್ತು ನೈಲಾನು

ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ರಾತ್ರಿಯ ಭಜನೆಗೆ ಕುಳಿತು ಕೇಳಿದವರಿಗೆ ಏಕತಾರಿಯ ನಾದ ಅಪರಿಚಿತವಲ್ಲ. ಕಡಕೋಳದ ಮಡಿವಾಳಪ್ಪನವರೇ ಮೊದಲಾದ ತತ್ತ್ವಪದಕಾರರ ಪದಗಳನ್ನು ಹಾಡುವವರು ಮೀಟುವ ಈ ವಾದ್ಯಕ್ಕೆ ಇರುವುದು ಒಂದೇ ತಂತಿ, ಅದು ಲೋಹದ್ದು. ಅದೇ ಹಳ್ಳಿಗೆ ಎಲ್ಲಮ್ಮನ ಜೋಗತಿಯರು ಬಂದರೆ ಅವರ ಕೈಯಲ್ಲಿ ಚೌಡಿಕೆ ಇರುತ್ತದೆ. ಅದಕ್ಕೂ ಒಂದೇ ತಂತಿ. ಆದರೆ ಸಂಪ್ರದಾಯದಂತೆ ಅದು ಪ್ರಾಣಿಯ ಕರುಳನ್ನು ಹೊಸೆದು ಮಾಡಿದ್ದು. ಏಕತಾರಿಯದು ಝೇಂಕಾರ, ಬೆರಳು ತೆಗೆದ ಮೇಲೂ ಅದು ಕಿವಿಯಲ್ಲಿ ನಿಲ್ಲುತ್ತದೆ. ಚೌಡಿಕೆಯದು ಎದ್ದೊಡನೆ ಅಡಗುವ ದುಂಡನೆಯ ಧ್ವನಿ. ತಂತಿಯ ವಸ್ತು ಬದಲಾದರೆ ವಾದ್ಯದ ಸ್ವಭಾವವೇ ಬದಲಾಗುತ್ತದೆ ಎಂಬ ಸಂಗತಿಯನ್ನು ನಮ್ಮ ಭಾಗದ ಜನ ಹೀಗೆ ಬಹುಕಾಲದಿಂದ ಕೇಳುತ್ತಲೇ ಬಂದಿದ್ದಾರೆ. ಅದರ ಕಾರಣವನ್ನು ವಿಚಾರಿಸುವ ಪ್ರಸಂಗ ಮಾತ್ರ ಈ ಲೇಖಕನಿಗೆ ಒದಗಿದ್ದು ಒಂದು ಗಿಟಾರಿನಿಂದ.

ರೈಲು ಮತ್ತು ಸಿಮೆಂಟಿನ ಊರಾದ ವಾಡಿ, ಹಾಸುಗಲ್ಲಿನ ಊರಾದ ಶಹಾಬಾದ್ ಇವುಗಳಲ್ಲಿ ಗಿಟಾರ್ ಹಿಡಿದ ತರುಣರನ್ನು ಕಾಣುವುದು ಈಗ ಅಪರೂಪವೇನಲ್ಲ. ಅವರಲ್ಲಿ ಬಹುಮಂದಿ ಕಲಿಯುವುದು ಉಕ್ಕಿನ ತಂತಿಯ ಗಿಟಾರಿನ ಮೇಲೆ. ಕೆಲವು ವರ್ಷ ಕಳೆದ ಮೇಲೆ ಕೆಲವರಿಗೆ ನೈಲಾನ್ ತಂತಿಯ ಶಾಸ್ತ್ರೀಯ ಗಿಟಾರಿನ ಕಡೆಗೆ ಮನಸ್ಸು ಹರಿಯುತ್ತದೆ. ಕಳೆದ ಬೇಸಿಗೆಯಲ್ಲಿ ವಾಡಿಯ ಕಡೆಯ ವಿದ್ಯಾರ್ಥಿಯೊಬ್ಬ ಅಂಥ ಒಂದು ಗಿಟಾರನ್ನು ಚಾದರದಲ್ಲಿ ಸುತ್ತಿಕೊಂಡು ನಮ್ಮ ಪ್ರಯೋಗಶಾಲೆಗೆ ತಂದನು. ಅದು ಕಲ್ಲಿನ ಗಣಿಯಲ್ಲಿ ದುಡಿಯುವ ತಂದೆ ಕೊಡಿಸಿದ್ದು. ಅದರ ಕುದುರೆ ಮೇಲುಹಲಗೆಯಿಂದ ಕಿತ್ತು, ಜೊತೆಗೆ ಮರದ ಸಿಬಿರುಗಳನ್ನೂ ಎಳೆದುಕೊಂಡು ಬಂದಿತ್ತು.

“ಸರ್, ಮೊದಲ ಇದಕ್ಕ ನೈಲಾನ್ ತಂತಿ ಇತ್ರಿ. ಸಪ್ಪಳ ಕಮ್ಮಿ ಬರ್ತದಂತ ಉಕ್ಕಿನ ತಂತಿ ಹಾಕ್ದೆ. ಮೂರೇ ದಿನಕ್ಕ ಕಿತ್ತು ಬಂತ್ರಿ. ಸ್ವರ ಅದೇ ಅದ, ಉದ್ದನೂ ಅದೇ ಅದ, ತಪ್ಪು ಎಲ್ಲಾಯ್ತ್ರಿ?”

ಪ್ರಶ್ನೆ ಸರಳವಾಗಿದೆ, ಉತ್ತರ ಮಾತ್ರ ತಂತಿಯಿಂದ ಆರಂಭವಾಗಿ ಹಲಗೆಯ ಮೂಲಕ ಹಾದು ವಾದಕನ ಬೆರಳಿನವರೆಗೂ ಹೋಗುತ್ತದೆ. ಅದನ್ನು ಕ್ರಮವಾಗಿ ಪರಿಶೀಲಿಸೋಣ.

ತಂತಿಯ ಮೂರು ನಿಯಮಗಳು

ಬಿಗಿದ ತಂತಿ ಸೆಕೆಂಡಿಗೆ ಎಷ್ಟು ಸಲ ಕಂಪಿಸುವುದು ಎಂಬುದು ಮೂರು ಸಂಗತಿಗಳನ್ನು ಅವಲಂಬಿಸಿದೆ: ತಂತಿಯ ಉದ್ದ, ಅದರ ಸೆಳೆತ, ಮತ್ತು ಒಂದು ಮೀಟರ್ ತಂತಿಯ ತೂಕ. ಉದ್ದವನ್ನು ಅರ್ಧ ಮಾಡಿದರೆ ಕಂಪನಗಳ ಸಂಖ್ಯೆ ಎರಡರಷ್ಟಾಗುತ್ತದೆ. ಸೆಳೆತವನ್ನು ನಾಲ್ಕರಷ್ಟು ಮಾಡಿದರೂ ಅದು ಎರಡರಷ್ಟೇ ಆಗುತ್ತದೆ. ತಂತಿಯ ತೂಕವನ್ನು ನಾಲ್ಕರಷ್ಟು ಮಾಡಿದರೆ ಅದು ಅರ್ಧಕ್ಕೆ ಇಳಿಯುತ್ತದೆ. ಫ್ರಾನ್ಸಿನ ಮೆರ್ಸೆನ್ ಎಂಬ ಪಾದ್ರಿ ವಿದ್ವಾಂಸನು ೧೬೩೬ರಲ್ಲಿ ಪ್ರಕಟಿಸಿದ ಈ ನಿಯಮಗಳನ್ನು ನಮ್ಮ ವಿದ್ಯಾರ್ಥಿಗಳು ಇಂದಿಗೂ ಸೊನಾಮೀಟರ್ ಪೆಟ್ಟಿಗೆಯ ಮೇಲೆ ಪರೀಕ್ಷಿಸಿ ನೋಡುತ್ತಾರೆ.

ಇನ್ನು ಎರಡು ಗಿಟಾರುಗಳಿಗೂ ಲೆಕ್ಕವನ್ನು ಅನ್ವಯಿಸೋಣ. ಎರಡರಲ್ಲಿಯೂ ತಂತಿಯ ಉದ್ದ ಸುಮಾರು ೬೫ ಸೆಂಟಿಮೀಟರು. ಎರಡರಲ್ಲಿಯೂ ಅತಿ ತೆಳ್ಳಗಿನ ಮೊದಲನೆಯ ತಂತಿ ಸೆಕೆಂಡಿಗೆ ೩೩೦ ಸಲ ಕಂಪಿಸಬೇಕು. ಆದುದರಿಂದ ಅಲೆಯು ಎರಡು ತಂತಿಗಳಲ್ಲಿಯೂ ಒಂದೇ ವೇಗದಿಂದ, ಸೆಕೆಂಡಿಗೆ ಸುಮಾರು ೪೩೦ ಮೀಟರಿನಂತೆ, ಓಡಾಡಬೇಕು. ಗಾಳಿಯಲ್ಲಿ ಶಬ್ದ ಹೋಗುವ ವೇಗಕ್ಕಿಂತ ಇದು ಹೆಚ್ಚು. ಇಲ್ಲಿಯವರೆಗೆ ನಮ್ಮ ವಿದ್ಯಾರ್ಥಿ ಹೇಳಿದ್ದು ನಿಜ: ಸ್ವರವೂ ಅದೇ, ಉದ್ದವೂ ಅದೇ.

ಭೇದವಿರುವುದು ತೂಕದಲ್ಲಿ. ಉಕ್ಕು ಗಾತ್ರಕ್ಕೆ ಗಾತ್ರ ನೋಡಿದರೆ ನೈಲಾನಿಗಿಂತ ಸುಮಾರು ಏಳರಷ್ಟು ಭಾರ. ಆದಕಾರಣ ಉಕ್ಕಿನ ಮೊದಲನೆಯ ತಂತಿಯ ದಪ್ಪ ಸಾಮಾನ್ಯವಾಗಿ ೦.೩ ಮಿಲಿಮೀಟರು, ನೈಲಾನಿನದು ಸುಮಾರು ೦.೭ ಮಿಲಿಮೀಟರು. ಹೀಗೆ ತೆಳುವಾಗಿದ್ದರೂ ಉಕ್ಕಿನ ತಂತಿಯ ಒಂದು ಮೀಟರಿನ ತೂಕ ೦.೫೭ ಗ್ರಾಂ ಆಗುತ್ತದೆ. ಶ್ರುತಿಗೆ ಬಿಗಿದ ನೈಲಾನ್ ತಂತಿಯದು ಸುಮಾರು ೦.೩೭ ಗ್ರಾಂ. ಈ ಅಂಕಿಗಳನ್ನು ನಿಯಮಕ್ಕೆ ಕೊಟ್ಟು ಲೆಕ್ಕ ಮಾಡಿದರೆ ಉಕ್ಕಿನ ತಂತಿಗೆ ಬೇಕಾಗುವ ಸೆಳೆತ ಹತ್ತೂವರೆ ಕಿಲೋಗ್ರಾಂ ತೂಕಕ್ಕೂ ಸ್ವಲ್ಪ ಹೆಚ್ಚು, ನೈಲಾನಿಗೆ ಬೇಕಾಗುವುದು ಸುಮಾರು ಏಳು ಕಿಲೋಗ್ರಾಂ ತೂಕದಷ್ಟು ಎಂದು ತಿಳಿದುಬರುತ್ತದೆ.

ಆರು ತಂತಿಗಳನ್ನೂ ಕೂಡಿಸಿದರೆ ಭೇದ ಇನ್ನೂ ಹೆಚ್ಚುತ್ತದೆ. ನೈಲಾನ್ ಗಿಟಾರಿನ ಒಟ್ಟು ಸೆಳೆತ ೪೦ ಕಿಲೋಗ್ರಾಮಿನ ಆಸುಪಾಸು. ಉಕ್ಕಿನ ತಂತಿಯ ಗಿಟಾರಿನದು ೭೦ ಕಿಲೋಗ್ರಾಮಿಗೂ ಮಿಗಿಲು. ವಾಡಿಯವರಿಗೆ ಅರ್ಥವಾಗುವಂತೆ ಹೇಳುವುದಾದರೆ, ಮೊದಲನೆಯದು ಒಂದು ಸಿಮೆಂಟಿನ ಚೀಲಕ್ಕಿಂತ ಕಡಿಮೆ, ಎರಡನೆಯದು ಹೆಚ್ಚುಕಡಿಮೆ ಒಂದೂವರೆ ಚೀಲ. ಈ ಭಾರವೆಲ್ಲ ಅಂಟಿನಿಂದ ಕೂಡಿಸಿದ ಒಂದು ಅಂಗೈಯಗಲದ ಕುದುರೆಯ ಮೇಲೆ ಹಗಲೂ ರಾತ್ರಿಯೂ ಬೀಳುತ್ತಿರುತ್ತದೆ. ಅದಲ್ಲದೆ ತಂತಿಗಳು ಹಲಗೆಗಿಂತ ಸ್ವಲ್ಪ ಎತ್ತರದಲ್ಲಿ ಹಾದುಹೋಗುವುದರಿಂದ ಕುದುರೆಯನ್ನು ಮುಂದಕ್ಕೆ ಉರುಳಿಸಲು ಹವಣಿಸುತ್ತವೆ. ಮುಕ್ಕಾಲು ಚೀಲದ ಭಾರಕ್ಕಾಗಿ ಕಟ್ಟಿದ್ದ ಮನೆಗೆ ಒಂದೂವರೆ ಚೀಲ ಹೇರಿದರೆ ಆಗುವುದೇ ಆ ಗಿಟಾರಿಗೆ ಆಯಿತು.

ಕರುಳಿನಿಂದ ನೈಲಾನಿಗೆ

ಹಾಗಾದರೆ ನೈಲಾನ್ ಗಿಟಾರನ್ನೂ ಗಟ್ಟಿಯಾಗಿಯೇ ಏಕೆ ಕಟ್ಟಬಾರದು? ಇದಕ್ಕೆ ಉತ್ತರ ಹೇಳುವ ಮುನ್ನ ನೈಲಾನ್ ಎಲ್ಲಿಂದ ಬಂತೆಂಬುದನ್ನು ನೋಡಬೇಕು. ಗಿಟಾರ್ ಹುಟ್ಟಿದ್ದು ಕರುಳಿನ ತಂತಿಯೊಡನೆ. ಕುರಿಯ ಕರುಳನ್ನು ಶುದ್ಧಮಾಡಿ, ಎಳೆಗಳಾಗಿ ಸೀಳಿ, ಹೊಸೆದು ಒಣಗಿಸಿ ಆ ತಂತಿಯನ್ನು ತಯಾರಿಸುತ್ತಿದ್ದರು. ಅದರ ನಾದ ಮಧುರ. ಆದರೆ ಅದು ಬೇಗ ಸವೆಯುತ್ತಿತ್ತು, ಬೆವರಿಗೆ ಬಿಚ್ಚಿಕೊಳ್ಳುತ್ತಿತ್ತು, ಒಂದೇ ಎಳೆಯಲ್ಲಿ ಒಂದು ಕಡೆ ದಪ್ಪ ಒಂದು ಕಡೆ ತೆಳು ಇರುತ್ತಿತ್ತು.

ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ರಸಾಯನಶಾಸ್ತ್ರಜ್ಞ ವ್ಯಾಲೆಸ್ ಕ್ಯಾರೊಥರ್ಸನ ನೇತೃತ್ವದಲ್ಲಿ ೧೯೩೫ರ ಫೆಬ್ರವರಿಯಲ್ಲಿ ನೈಲಾನ್ ಮೊದಲ ಸಲ ತಯಾರಾಯಿತು. ೧೯೩೮ರಲ್ಲಿ ಅದನ್ನು ಲೋಕಕ್ಕೆ ಪ್ರಕಟಿಸಿದರು. ಆ ಹೊತ್ತಿಗೆ ಕ್ಯಾರೊಥರ್ಸ್ ತೀರಿಕೊಂಡಿದ್ದನು. ಅದರ ಮೊದಲ ಉಪಯೋಗ ಹಲ್ಲುಜ್ಜುವ ಬ್ರಶ್ಶಿಗೆ, ಅನಂತರ ಕಾಲುಚೀಲಕ್ಕೆ, ಯುದ್ಧಕಾಲದಲ್ಲಿ ಪ್ಯಾರಾಚೂಟಿಗೆ. ಎರಡನೆಯ ಮಹಾಯುದ್ಧದಲ್ಲಿ ಗಾಯಗಳನ್ನು ಹೊಲಿಯಲು ಕರುಳಿನ ದಾರ ಹೇರಳವಾಗಿ ಬೇಕಾದ್ದರಿಂದ ವಾದ್ಯಗಳಿಗೆ ಕರುಳಿನ ತಂತಿ ಸಿಕ್ಕದಾಯಿತು. ಆಗ ನ್ಯೂಯಾರ್ಕಿನಲ್ಲಿದ್ದ ಗಿಟಾರ್ ತಯಾರಕ ಆಲ್ಬರ್ಟ್ ಅಗಸ್ಟೀನ್ ಎಂಬವನು ನೈಲಾನ್ ಎಳೆಯಿಂದ ತಂತಿ ಮಾಡಲು ತೊಡಗಿದನು. ಸ್ಪೇನಿನ ಪ್ರಸಿದ್ಧ ವಾದಕ ಆಂಡ್ರೆಸ್ ಸೆಗೋವಿಯಾ ಅದನ್ನು ಮೆಚ್ಚಿ ತನ್ನ ವಾದ್ಯಕ್ಕೆ ಹಾಕಿಕೊಂಡನು. ೧೯೪೦ರ ದಶಕದಲ್ಲಿ ನಡೆದ ಈ ಮಾರ್ಪಾಟು ಕೆಲವೇ ವರ್ಷಗಳಲ್ಲಿ ಲೋಕವನ್ನೆಲ್ಲ ವ್ಯಾಪಿಸಿತು.

ಇಲ್ಲಿ ಗಮನಿಸಬೇಕಾದುದೇನೆಂದರೆ, ನೈಲಾನಿನ ತೂಕವೂ ಸೆಳೆತವೂ ಕರುಳಿಗೆ ಸಮೀಪವಾಗಿದ್ದವು. ಆದುದರಿಂದ ಗಿಟಾರಿನ ಒಡಲನ್ನು ಬದಲಾಯಿಸಬೇಕಾಗಲಿಲ್ಲ. ಉಕ್ಕಿನ ತಂತಿ ಹಾಕಿದವರು ಒಡಲನ್ನೇ ಬೇರೆಯಾಗಿ ಕಟ್ಟಬೇಕಾಯಿತು. ಇಂಥದೇ ಪ್ರಸಂಗ ನಮ್ಮ ದೇಶದಲ್ಲಿಯೂ ನಡೆದಿದೆ. ಆಫ್ಘಾನಿಸ್ತಾನದಿಂದ ಬಂದ ರಬಾಬಿಗೆ ಕರುಳಿನ ತಂತಿ, ಮರದ ಪಟ್ಟಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅದಕ್ಕೆ ಲೋಹದ ತಂತಿ ಹಾಕಲಾಗಿ ಬೆರಳು ಜಾರುವ ಮರದ ಪಟ್ಟಿಯ ಬದಲು ಲೋಹದ ತಗಡು ಬಂತು. ರಬಾಬು ರಬಾಬಾಗಿ ಉಳಿಯದೆ ಸರೋದಾಯಿತು. ತಂತಿಯೊಂದು ಬದಲಾದರೆ ಹೊಸ ವಾದ್ಯವೇ ಹುಟ್ಟುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು.

ಪರಸಿಕಲ್ಲಿನ ಪ್ರಯೋಗ

ತಂತಿ ತಾನೇ ಮಾಡುವ ಸದ್ದು ಬಹಳ ಅಲ್ಪ. ಇದನ್ನು ವಾಚಕರು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದು ಗಿಟಾರ್ ತಂತಿಯ ತುಂಡನ್ನು ನೆಲಕ್ಕೆ ಹಾಸುವ ಶಹಾಬಾದಿ ಪರಸಿಯ ಮೇಲೆ ಉದ್ದಕ್ಕೆ ಇಟ್ಟು, ಎರಡು ಕೊನೆಗಳ ಬಳಿ ಅದರ ಕೆಳಗೆ ಒಂದೊಂದು ಪೆನ್ಸಿಲು ಸೇರಿಸಿ, ಕೊನೆಗಳನ್ನು ಭಾರವಾದ ಕಲ್ಲುಗಳಿಗೆ ಬಿಗಿದು ಮೀಟಿ ನೋಡಿರಿ. ಹತ್ತಿರ ಕಿವಿಯಿಟ್ಟರಷ್ಟೇ ಕೇಳಿಸುವ ಸದ್ದು ಬರುತ್ತದೆ. ಅದೇ ತಂತಿಯನ್ನು ಅದೇ ರೀತಿಯಲ್ಲಿ ತೆಳುಹಲಗೆಯ ಖಾಲಿ ಪೆಟ್ಟಿಗೆಯ ಮೇಲೆ ಬಿಗಿದು ಮೀಟಿರಿ. ಕೋಣೆಯ ಆಚೆಯವರೂ ತಿರುಗಿ ನೋಡುತ್ತಾರೆ.

ಕಾರಣವಿಷ್ಟೇ: ತೆಳ್ಳಗಿನ ತಂತಿ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆಯೇ ಹೊರತು ಅದನ್ನು ತಳ್ಳುವುದಿಲ್ಲ. ತಳ್ಳಬೇಕಾದರೆ ಅಗಲವಾದ ಹಲಗೆ ಬೇಕು. ತಂತಿ ಕುದುರೆಯನ್ನು ಅಲುಗಿಸುತ್ತದೆ, ಕುದುರೆ ಹಲಗೆಯನ್ನು, ಹಲಗೆ ಗಾಳಿಯನ್ನು. ಕಲ್ಲು ಅಲುಗುವುದಿಲ್ಲವಾದ್ದರಿಂದ ತಂತಿಯ ಶಕ್ತಿ ಅದರೊಳಕ್ಕೆ ಹೋಗದೆ ಹಿಂದಿರುಗುತ್ತದೆ.

ಈಗ ನಮ್ಮ ಹಿಂದಿನ ಪ್ರಶ್ನೆಗೆ ಉತ್ತರ ದೊರೆಯಿತು. ನೈಲಾನ್ ತಂತಿಯ ತೂಕವೂ ಕಡಿಮೆ, ಸೆಳೆತವೂ ಕಡಿಮೆ. ಅದು ಕುದುರೆಗೆ ಕೊಡುವ ತಳ್ಳು ಉಕ್ಕಿನ ತಂತಿಯದರ ಮೂರನೆಯ ಎರಡು ಭಾಗದಷ್ಟು ಮಾತ್ರ. ಆ ಅಲ್ಪ ಬಲದಿಂದಲೇ ಹಲಗೆ ಕುಣಿಯಬೇಕಾದರೆ ಹಲಗೆ ಹಗುರವಾಗಿರಬೇಕು. ಶಾಸ್ತ್ರೀಯ ಗಿಟಾರಿನ ಮೇಲುಹಲಗೆ ಎರಡು ಎರಡೂವರೆ ಮಿಲಿಮೀಟರಿನಷ್ಟು ತೆಳುವಾಗಿರುವುದು ಇದಕ್ಕಾಗಿಯೇ. ಅದರ ಒಳಮೈಗೆ ಬೀಸಣಿಗೆಯ ಕಡ್ಡಿಗಳಂತೆ ಹರಡಿದ ಸಣ್ಣ ಪಟ್ಟಿಗಳನ್ನು ಅಂಟಿಸಿರುತ್ತಾರೆ. ಹತ್ತೊಂಬತ್ತನೆಯ ಶತಮಾನದ ಸ್ಪೇನಿನ ಬಡಗಿ ಆಂಟೋನಿಯೋ ದೆ ತೋರ್ರೆಸ್ ಈ ಕಟ್ಟನ್ನು ಪರಿಪೂರ್ಣತೆಗೆ ತಂದನು. ನಾದದಲ್ಲಿ ಮೇಲುಹಲಗೆಯದೇ ಮುಖ್ಯ ಪಾತ್ರವೆಂದು ತೋರಿಸುವುದಕ್ಕಾಗಿ ೧೮೬೨ರಲ್ಲಿ ಅವನು ಬೆನ್ನನ್ನೂ ಪಕ್ಕಗಳನ್ನೂ ಕಾಗದದ ರಟ್ಟಿನಿಂದ ಮಾಡಿದ ಗಿಟಾರೊಂದನ್ನು ಕಟ್ಟಿದನು.

ಉಕ್ಕಿನ ತಂತಿಯ ಗಿಟಾರಿನಲ್ಲಿ ಹಲಗೆ ಅದಕ್ಕಿಂತ ದಪ್ಪ. ಒಳಗೆ ಗುಣಾಕಾರದ ಚಿಹ್ನೆಯಂತೆ ಒಂದನ್ನೊಂದು ದಾಟುವ ಎರಡು ಬಲವಾದ ತೊಲೆಗಳು. ದಂಡಿಯೊಳಗೆ, ಸೆಳೆತಕ್ಕೆ ಅದು ಬಾಗದಿರಲೆಂದು, ಸಾಮಾನ್ಯವಾಗಿ ಒಂದು ಲೋಹದ ಸರಳು. ಇಂಥ ವಾದ್ಯಕ್ಕೆ ನೈಲಾನ್ ತಂತಿ ಹಾಕಿದರೆ ಅಪಾಯವೇನೂ ಇಲ್ಲ, ಪ್ರಯೋಜನವೂ ಇಲ್ಲ; ಪರಸಿಯ ಮೇಲಿನ ತಂತಿಯಂತೆ ಅದು ಮಂಕಾಗಿ ನುಡಿಯುತ್ತದೆ. ನೈಲಾನ್ ವಾದ್ಯಕ್ಕೆ ಉಕ್ಕಿನ ತಂತಿ ಹಾಕಿದರೆ ಮಾತ್ರ ವಾದ್ಯವೇ ಹೋಗುತ್ತದೆ.

ಎರಡು ಬಗೆಯ ಗಿಟಾರುಗಳಿಗೂ ಬೆನ್ನು ಮತ್ತು ಪಕ್ಕಗಳಿಗಾಗಿ ಲೋಕದಾದ್ಯಂತ ಬಳಸುವ ಮರಗಳಲ್ಲಿ ನಮ್ಮ ಪಶ್ಚಿಮ ಘಟ್ಟಗಳಲ್ಲಿ ಬೆಳೆಯುವ ಬೀಟೆಯೂ ಒಂದೆಂಬುದನ್ನು ಇಲ್ಲಿ ನೆನೆಯಬಹುದು. ಆ ಮರದ ಅಂತರರಾಷ್ಟ್ರೀಯ ವ್ಯಾಪಾರವನ್ನು ೨೦೧೭ರಿಂದ ನಿಯಂತ್ರಣಕ್ಕೆ ಒಳಪಡಿಸಲಾಗಿದೆ.

ಧ್ವನಿ ಮೃದುವಾಗಲು ಕಾರಣ

ಮೀಟಿದ ತಂತಿ ಒಂದೇ ಸ್ವರವನ್ನು ಕೊಡುವುದಿಲ್ಲ. ಸೆಕೆಂಡಿಗೆ ೩೩೦ ಕಂಪನಗಳ ಮೂಲಸ್ವರದೊಡನೆ ೬೬೦, ೯೯೦, ೧೩೨೦ ಹೀಗೆ ಏರುವ ಉಪಸ್ವರಗಳೂ ಏಳುತ್ತವೆ. ಇವುಗಳ ಪ್ರಮಾಣವೇ ಒಂದು ವಾದ್ಯದ ಧ್ವನಿಯನ್ನು ಇನ್ನೊಂದರಿಂದ ಬೇರ್ಪಡಿಸುವುದು. ಉಕ್ಕು ಬಾಗಿ ನೆಟ್ಟಗಾಗುವಾಗ ತನ್ನೊಳಗೆ ಶಕ್ತಿಯನ್ನು ಬಹಳ ಕಡಿಮೆ ನುಂಗುತ್ತದೆ. ನೈಲಾನು ಹಾಗಲ್ಲ, ಉದ್ದುದ್ದ ಅಣುಗಳ ಸರಪಳಿಗಳು ಒಂದರ ಪಕ್ಕದಲ್ಲೊಂದು ಸೇರಿ ಆದ ವಸ್ತುವಾದ್ದರಿಂದ ಬಾಗಿದಾಗಲೆಲ್ಲ ಆ ಸರಪಳಿಗಳು ಒಂದರ ಮೇಲೊಂದು ಸರಿದು, ಕಂಪನದ ಶಕ್ತಿಯ ಒಂದು ಪಾಲು ಶಾಖವಾಗಿ ಮಾರ್ಪಡುತ್ತದೆ. ಸೆಕೆಂಡಿಗೆ ಹೆಚ್ಚು ಸಲ, ಹೆಚ್ಚು ಡೊಂಕಾಗಿ ಬಾಗುವ ಮೇಲಿನ ಉಪಸ್ವರಗಳಿಗೆ ಈ ನಷ್ಟ ಅತ್ಯಧಿಕ. ಆದುದರಿಂದ ನೈಲಾನ್ ತಂತಿಯಲ್ಲಿ ಚುರುಕಾದ ಉಪಸ್ವರಗಳು ಕ್ಷಣಮಾತ್ರದಲ್ಲಿ ಅಡಗಿ ದುಂಡನೆಯ ಮೂಲಸ್ವರ ಮುಂದೆ ನಿಲ್ಲುತ್ತದೆ. ಉಕ್ಕಿನಲ್ಲಿ ಅವು ಬಹುಹೊತ್ತು ಉಳಿದು ಹೊಳಪನ್ನು ಕೊಡುತ್ತವೆ. ಏಕತಾರಿಗೂ ಚೌಡಿಕೆಗೂ ಇರುವ ಅಂತರದ ಒಂದು ಮುಖ್ಯ ಕಾರಣವೂ ಇದೇ.

ಕೆಳಗಿನ ಶ್ರುತಿಯ ದಪ್ಪ ತಂತಿಗಳಿಗೆ ಮತ್ತೊಂದು ತೊಡಕಿದೆ. ತೂಕ ಹೆಚ್ಚಲೆಂದು ಒಂದೇ ಎಳೆಯನ್ನು ದಪ್ಪ ಮಾಡುತ್ತ ಹೋದರೆ ತಂತಿ ಕಡ್ಡಿಯಂತೆ ಬಿರುಸಾಗಿ, ಉಪಸ್ವರಗಳು ತಮ್ಮ ಸ್ಥಾನದಿಂದ ಮೇಲಕ್ಕೆ ಜಾರುತ್ತವೆ. ಇದನ್ನು ತಪ್ಪಿಸುವುದಕ್ಕಾಗಿ ಎರಡು ಬಗೆಯಲ್ಲಿಯೂ ಮೃದುವಾದ ಒಳತಿರುಳಿನ ಮೇಲೆ ಲೋಹದ ಸಣ್ಣ ತಂತಿಯನ್ನು ಸುತ್ತುತ್ತಾರೆ. ಉಕ್ಕಿನ ಗಿಟಾರಿನಲ್ಲಿ ತಿರುಳು ಉಕ್ಕು, ಸುತ್ತು ಸಾಮಾನ್ಯವಾಗಿ ಕಂಚು. ನೈಲಾನ್ ಗಿಟಾರಿನಲ್ಲಿ ತಿರುಳು ರೇಷ್ಮೆಯ ಲಡಿಯಂತೆ ಕಾಣುವ ನೈಲಾನ್ ಎಳೆಗಳು, ಸುತ್ತು ಬೆಳ್ಳಿಯ ಲೇಪವಿರುವ ತಾಮ್ರ. ಹೊಳೆಯುವ ದಪ್ಪ ತಂತಿಗಳನ್ನು ನೋಡಿ ‘ಇದೂ ಲೋಹದ್ದೇ ತಾನೆ’ ಎಂದು ನಮ್ಮ ವಿದ್ಯಾರ್ಥಿ ಮೋಸಹೋದದ್ದು ಇಲ್ಲಿಯೇ.

ಎಳೆದರೆ ಸ್ವರ ಏಕೆ ಏರದು?

ಉಕ್ಕಿನ ತಂತಿಗೆ ಒಗ್ಗಿದ ಕೈ ನೈಲಾನಿಗೆ ಬಂದಾಗ ಮೊದಲು ಬೇಸರಪಡುವುದು ತಂತಿಯನ್ನು ಪಕ್ಕಕ್ಕೆಳೆದು ಸ್ವರವನ್ನು ಏರಿಸಲು ಹೋದಾಗ. ಉಕ್ಕಿನ ತಂತಿ ಬೆರಳಿಗೆ ಒರಟಾದರೂ ಹೇಳಿದಂತೆ ಕೇಳುತ್ತದೆ. ನೈಲಾನ್ ತಂತಿ ಸುಲಭವಾಗಿ ಸರಿಯುತ್ತದೆ, ಸ್ವರ ಮಾತ್ರ ಇದ್ದಲ್ಲಿಯೇ ಇರುತ್ತದೆ. ಮೆತ್ತಗಿನ ವಸ್ತುವಿನಲ್ಲಿ ಸ್ವರ ಹೆಚ್ಚು ಏರಬೇಕಲ್ಲವೆ ಎಂದು ತೋರುವುದು ಸಹಜ. ನಿಜಸ್ಥಿತಿ ಅದಕ್ಕೆ ವಿರುದ್ಧ.

ಉಕ್ಕಿನ ಮೊದಲನೆಯ ತಂತಿಯನ್ನು ಶ್ರುತಿಗೆ ತರಲು ಅದನ್ನು ಎಷ್ಟು ಹಿಗ್ಗಿಸಬೇಕಾಗುತ್ತದೆಂದು ಲೆಕ್ಕ ಮಾಡಿದರೆ ೬೫ ಸೆಂಟಿಮೀಟರಿಗೆ ೫ ಮಿಲಿಮೀಟರಿಗಿಂತಲೂ ಸ್ವಲ್ಪ ಕಡಿಮೆ, ಎಂದರೆ ಒಂದು ತೊಗರಿಕಾಳಿನಷ್ಟು! ನೈಲಾನ್ ತಂತಿ ಅದೇ ಸ್ವರಕ್ಕೆ ಬರಬೇಕಾದರೆ ಎರಡು ಸೆಂಟಿಮೀಟರಿಗೂ ಹೆಚ್ಚು ಹಿಗ್ಗಬೇಕು. ಈಗ ತಂತಿಯ ನಡುಭಾಗವನ್ನು ೮ ಮಿಲಿಮೀಟರ್ ಪಕ್ಕಕ್ಕೆ ತಳ್ಳಿದೆವೆಂದು ಇಟ್ಟುಕೊಳ್ಳಿರಿ. ರೇಖಾಗಣಿತದ ಪ್ರಕಾರ ತಂತಿ ಇನ್ನೂ ೦.೨ ಮಿಲಿಮೀಟರ್ ಉದ್ದವಾಗುತ್ತದೆ. ತೊಗರಿಕಾಳಿನಷ್ಟೇ ಹಿಗ್ಗಿದ ಉಕ್ಕಿಗೆ ಈ ೦.೨ ಮಿಲಿಮೀಟರು ನೂರಕ್ಕೆ ನಾಲ್ಕರಷ್ಟು ಹೆಚ್ಚಿನ ಹಿಗ್ಗು. ಆದುದರಿಂದ ಸೆಳೆತವೂ ನೂರಕ್ಕೆ ನಾಲ್ಕರಷ್ಟು ಏರಿ ಸ್ವರ ನೂರಕ್ಕೆ ಎರಡರಷ್ಟು ಮೇಲೇರುತ್ತದೆ. ಇದು ಅರ್ಧಸ್ವರದ ಮೂರನೆಯ ಒಂದು ಭಾಗಕ್ಕೂ ಮಿಗಿಲು. ಎರಡು ಸೆಂಟಿಮೀಟರು ಹಿಗ್ಗಿರುವ ನೈಲಾನಿಗೆ ಅದೇ ೦.೨ ಮಿಲಿಮೀಟರು ನೂರಕ್ಕೆ ಒಂದಕ್ಕಿಂತ ಕಡಿಮೆ. ಸ್ವರ ಏರುವುದು ನೂರಕ್ಕೆ ಅರ್ಧವೂ ಇಲ್ಲ.

ಸಿತಾರಿನಲ್ಲಿ ತಂತಿಯನ್ನೆಳೆದು ಮೀಂಡನ್ನೂ ವೀಣೆಯಲ್ಲಿ ಎಳೆದು ಗಮಕವನ್ನೂ ತರುವ ನಮ್ಮ ವಾದನಪದ್ಧತಿ ಲೋಹದ ತಂತಿಯನ್ನು ಆಶ್ರಯಿಸಿರುವುದರ ಅರ್ಥವೂ ಇದರಿಂದ ಸ್ಪಷ್ಟವಾಗುತ್ತದೆ. ಕರುಳಿನ ತಂತಿಯ ಸಾರಂಗಿಯಲ್ಲಿ ವಾದಕನು ತಂತಿಯನ್ನು ಎಳೆಯುವುದಿಲ್ಲ. ಉಗುರಿನ ಬುಡವನ್ನು ಅದರ ಪಕ್ಕದಲ್ಲಿ ಜಾರಿಸಿ ಉದ್ದವನ್ನೇ ಬದಲಾಯಿಸುತ್ತಾನೆ. ವಸ್ತುವಿನ ಗುಣವೇ ಕಲೆಯ ದಾರಿಯನ್ನು ನಿರ್ಣಯಿಸಿರುವುದಕ್ಕೆ ಇದೊಂದು ಸಾಕ್ಷಿ.

ನಮ್ಮ ಬಿಸಿಲು, ನಮ್ಮ ಮಳೆ

ಬೇಸಿಗೆಯಲ್ಲಿ ೪೦ ಡಿಗ್ರಿಯನ್ನು ದಾಟುವ ನಮ್ಮ ಕಲಬುರಗಿ ಸೀಮೆಯಲ್ಲಿ ಈ ವಿಚಾರಕ್ಕೆ ಮತ್ತೊಂದು ಮುಖವೂ ಉಂಟು. ವಾಡಿಯ ರೈಲುಹಳಿಯನ್ನು ತೆಗೆದುಕೊಳ್ಳಿರಿ. ಅಡೆತಡೆಯಿಲ್ಲದೆ ಹಿಗ್ಗಲು ಬಿಟ್ಟರೆ ಒಂದು ಕಿಲೋಮೀಟರ್ ಉಕ್ಕಿನ ಹಳಿ ೧೦ ಡಿಗ್ರಿ ಶಾಖ ಏರಿದಾಗ ಸುಮಾರು ೧೨ ಸೆಂಟಿಮೀಟರ್ ಉದ್ದವಾಗುತ್ತದೆ. ಇದೇ ನಿಯಮದಂತೆ ಗಿಟಾರಿನ ಉಕ್ಕಿನ ತಂತಿ ಹಿಗ್ಗುವುದು ೦.೦೮ ಮಿಲಿಮೀಟರು ಮಾತ್ರ. ಇದು ಏನೂ ಅಲ್ಲವೆಂದು ತೋರಬಹುದು. ಆದರೆ ತೊಗರಿಕಾಳಿನ ಲೆಕ್ಕವನ್ನು ಮರೆಯಬಾರದು. ಬಿಗಿಯುವಾಗ ಆದ ಒಟ್ಟು ಹಿಗ್ಗಿನಲ್ಲಿ ಇದು ಸುಮಾರು ಅರವತ್ತನೆಯ ಒಂದು ಭಾಗ. ಅಷ್ಟರಮಟ್ಟಿಗೆ ಸೆಳೆತ ಸಡಿಲಿ, ೩೩೦ ಕಂಪನಗಳ ಸ್ವರ ಎರಡು ಮೂರು ಕಂಪನಗಳಷ್ಟು ಇಳಿಯುತ್ತದೆ. ಮರವೂ ಅಲ್ಪಸ್ವಲ್ಪ ಹಿಗ್ಗುವುದರಿಂದ ಇಳಿತ ಸ್ವಲ್ಪ ಕಡಿಮೆಯಾಗಬಹುದು. ಆದರೂ ಶ್ರುತಿಕವಲಿನೊಡನೆ ಹೋಲಿಸಿದರೆ ಅಲೆ ಅಲೆಯಾಗಿ ಕೇಳಿಸುವ ವಿಸ್ಪಂದಗಳನ್ನು ಯಾರೂ ಗುರುತಿಸಬಹುದು.

ನೈಲಾನಿನ ತೊಂದರೆ ಬೇರೆ ಜಾತಿಯದು. ಹೊಸದಾಗಿ ಬಿಗಿದ ನೈಲಾನ್ ತಂತಿ ಬಿರಡೆ ತಿರುಗಿಸಿ ಬಿಟ್ಟ ಮೇಲೂ ತನ್ನಷ್ಟಕ್ಕೆ ಮೆಲ್ಲಮೆಲ್ಲನೆ ಹಿಗ್ಗುತ್ತಲೇ ಇರುತ್ತದೆ. ಅದರ ಅಣುಸರಪಳಿಗಳು ಸೆಳೆತಕ್ಕೆ ಹೊಂದಿಕೊಂಡು ಸಾಲಾಗಲು ಕೆಲವು ದಿನಗಳು ಬೇಕು. ಅಲ್ಲಿಯವರೆಗೆ ಹೊತ್ತುಹೊತ್ತಿಗೆ ಶ್ರುತಿ ಸರಿಪಡಿಸಬೇಕಾಗುತ್ತದೆ. ಇದು ತಂತಿಯ ದೋಷವೆಂದು ತಿಳಿದು ಕಳಚಿ ಬಿಸಾಡಿದವರೂ ಇದ್ದಾರೆ! ಅದಲ್ಲದೆ ನೈಲಾನು ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು. ಮಳೆಗಾಲದಲ್ಲಿ ಅದರ ನಡತೆ ಬೇಸಿಗೆಯಲ್ಲಿದ್ದಂತೆ ಇರುವುದಿಲ್ಲ. ಉಕ್ಕು ತೇವವನ್ನು ಹೀರುವುದಿಲ್ಲ, ಅದಕ್ಕೆ ತುಕ್ಕು ಹಿಡಿಯುತ್ತದೆ.

ಎರಡಕ್ಕೂ ಸಮಾನವಾದ ಶತ್ರು ಒಣಬಿಸಿಲು. ಏಪ್ರಿಲ್ ಮೇ ತಿಂಗಳ ಒಣಹವೆಯಲ್ಲಿ ತೆಳುಹಲಗೆ ತೇವ ಕಳೆದುಕೊಂಡು ಅಡ್ಡಲಾಗಿ ಕುಗ್ಗುತ್ತದೆ. ಅಂಚುಗಳು ಅಂಟಿನಿಂದ ಹಿಡಿದಿಟ್ಟಿರುವುದರಿಂದ ಕೊನೆಗೆ ಸೀಳುತ್ತದೆ. ತಗಡಿನ ಮಾಡಿನ ಕೆಳಗೆ ಗೋಡೆಗೆ ತೂಗುಹಾಕಿದ ಗಿಟಾರಿಗಿಂತ ಪೆಟ್ಟಿಗೆಯಲ್ಲಿಟ್ಟ ಗಿಟಾರು ಹೆಚ್ಚುಕಾಲ ಬಾಳುವುದು ಇದರಿಂದಲೇ.

ಉಕ್ಕಿನಿಂದ ನೈಲಾನಿಗೆ ಬರುವವರಿಗೆ

ಮೇಲೆ ಹೇಳಿದ ತತ್ತ್ವಗಳಿಂದ ಕೆಲವು ವ್ಯಾವಹಾರಿಕ ಸೂಚನೆಗಳು ತಾವಾಗಿಯೇ ಹೊರಡುತ್ತವೆ.

ಮೊದಲನೆಯದಾಗಿ, ಕೊಳ್ಳುವ ಮುನ್ನ ವಾದ್ಯ ಯಾವ ಜಾತಿಯದೆಂದು ಗುರುತಿಸಬೇಕು. ತಂತಿಗಳನ್ನು ಕುದುರೆಯ ರಂಧ್ರಗಳಲ್ಲಿ ಪೋಣಿಸಿ ಗಂಟುಕಟ್ಟಿದ್ದರೆ ಅದು ನೈಲಾನಿಗಾಗಿ ಮಾಡಿದ ವಾದ್ಯ. ತುದಿಯಲ್ಲಿ ಲೋಹದ ಗುಂಡಿಯಿರುವ ತಂತಿಗಳನ್ನು ಗೂಟಗಳಿಂದ ಹಲಗೆಯೊಳಕ್ಕೆ ಸಿಕ್ಕಿಸಿದ್ದರೆ ಸಾಮಾನ್ಯವಾಗಿ ಉಕ್ಕಿನದು. ದಂಡಿಯ ತುದಿಯಲ್ಲಿ ಮೇರುವಿನ ಅಗಲವೂ ಬೇರೆ: ನೈಲಾನಿನದರಲ್ಲಿ ಸುಮಾರು ೫೨ ಮಿಲಿಮೀಟರು, ಉಕ್ಕಿನದರಲ್ಲಿ ಸುಮಾರು ೪೩.

ಎರಡನೆಯದಾಗಿ, ಈ ಅಗಲಕ್ಕೆ ಎಡಗೈ ಹೊಂದಿಕೊಳ್ಳಬೇಕು. ಕಡಿಮೆ ಸೆಳೆತದ ತಂತಿ ಹೆಚ್ಚು ದೂರ ಅಲುಗಾಡುವುದರಿಂದ ಅದಕ್ಕೆ ಎಡೆ ಬೇಕು. ತಂತಿ ಮೆಟ್ಟಿಲಿಗೆ ತಾಗದಿರಲೆಂದು ಎತ್ತರವನ್ನೂ ಹೆಚ್ಚಾಗಿ ಇಟ್ಟಿರುತ್ತಾರೆ. ಹನ್ನೆರಡನೆಯ ಮೆಟ್ಟಿಲಿ‌ನ ಮೇಲೆ ಮೂರು ನಾಲ್ಕು ಮಿಲಿಮೀಟರು ಇರುವುದು ಸಾಮಾನ್ಯ. ಇದನ್ನು ದೋಷವೆಂದು ಭಾವಿಸಿ ಕುದುರೆಯ ಎಲುಬನ್ನು ಉಜ್ಜಿ ತಗ್ಗಿಸಹೋಗಬಾರದು.

ಮೂರನೆಯದಾಗಿ, ಬಲಗೈಯ ಅಭ್ಯಾಸವನ್ನು ಬದಲಾಯಿಸಬೇಕು. ಉಕ್ಕಿನ ಗಿಟಾರಿನಲ್ಲಿ ಪ್ಲಾಸ್ಟಿಕ್ಕಿನ ಚೂರಿನಿಂದ ರಭಸವಾಗಿ ಮೀಟುವ ರೂಢಿ ಇದೆ. ನೈಲಾನಿಗೆ ರಭಸ ಕೂಡಿಸಿದರೆ ಸ್ವರ ಹೆಚ್ಚುವುದಕ್ಕಿಂತ ಕರಕರ ಸದ್ದು ಹೆಚ್ಚುತ್ತದೆ. ಉಗುರು ಮತ್ತು ಬೆರಳ ತುದಿಯಿಂದ ಮೀಟಬೇಕು. ಕುದುರೆಯ ಸಮೀಪ ಮೀಟಿದರೆ ಉಪಸ್ವರಗಳು ಹೆಚ್ಚಿ ಧ್ವನಿ ಚುರುಕಾಗುತ್ತದೆ. ರಂಧ್ರದ ಮೇಲೆ ಮೀಟಿದರೆ ದುಂಡಗಾಗುತ್ತದೆ. ನೈಲಾನ್ ವಾದಕನ ಬಣ್ಣಗಳೆಲ್ಲ ಈ ಒಂದು ಗೇಣಿನೊಳಗಿವೆ.

ನಾಲ್ಕನೆಯದಾಗಿ, ಸಭೆಯಲ್ಲಿ ನುಡಿಸುವವರು ಧ್ವನಿವರ್ಧಕದ ವಿಷಯದಲ್ಲಿ ಎಚ್ಚರದಿಂದಿರಬೇಕು. ಉಕ್ಕಿನ ತಂತಿಯ ಕೆಳಗಿಡುವ ಕಾಂತದ ಪಿಕಪ್ಪು ಕಾಂತಕ್ಕೆ ಒಳಗಾಗುವ ಲೋಹ ಅಲುಗಿದಾಗ ಮಾತ್ರ ವಿದ್ಯುತ್ತನ್ನು ಹುಟ್ಟಿಸುತ್ತದೆ. ನೈಲಾನಿಗೆ ಅದು ಕಿವುಡು. ಕುದುರೆಯ ಒತ್ತಡವನ್ನು ಗ್ರಹಿಸುವ ಸ್ಫಟಿಕದ ಪಿಕಪ್ಪನ್ನಾಗಲಿ ಮುಂದಿಟ್ಟ ಮೈಕನ್ನಾಗಲಿ ಬಳಸಬೇಕು.

ಇನ್ನು ಧ್ವನಿ ಸ್ವಲ್ಪ ಚುರುಕಾಗಲೇಬೇಕೆಂಬ ಆಸೆಯಿದ್ದವರಿಗೆ ದಾರಿ ಇಲ್ಲದಿಲ್ಲ. ‘ಕಾರ್ಬನ್’ ಎಂಬ ಹೆಸರಿನಿಂದ ಮಾರುವ ತಂತಿಗಳಿವೆ. ಇವು ಇದ್ದಲಿನಿಂದ ಮಾಡಿದವಲ್ಲ; ಮೀನಿನ ಗಾಳಕ್ಕೂ ಬಳಸುವ, ಫ್ಲೋರೀನ್ ಇರುವ ಒಂದು ಪ್ಲಾಸ್ಟಿಕ್ಕು. ಅದು ನೈಲಾನಿಗಿಂತ ಭಾರವಾದ್ದರಿಂದ ತಂತಿ ತೆಳುವಾಗಿ, ಉಪಸ್ವರಗಳು ಹೆಚ್ಚು ಉಳಿಯುತ್ತವೆ. ಸೆಳೆತ ನೈಲಾನಿನ ಮಿತಿಯ ಆಸುಪಾಸಿನಲ್ಲೇ ಇರುವುದರಿಂದ ಕುದುರೆಗೆ ಭಯವಿಲ್ಲ. ಕೊಳ್ಳುವಾಗ ಪೊಟ್ಟಣದ ಮೇಲೆ ಅಚ್ಚಾಗಿರುವ ಸೆಳೆತದ ಅಂಕಿಯನ್ನು ಓದಿಕೊಳ್ಳುವ ರೂಢಿ ಒಳ್ಳೆಯದು.

ನಮ್ಮ ವಿದ್ಯಾರ್ಥಿಯ ಗಿಟಾರಿನ ಹಲಗೆ ಅದೃಷ್ಟವಶಾತ್ ಸೀಳಿರಲಿಲ್ಲ. ಹಳೆಯ ಅಂಟನ್ನು ಕೆರೆದು, ಸಿಬಿರುಗಳನ್ನು ಸ್ವಸ್ಥಾನದಲ್ಲಿ ಕೂರಿಸಿ, ಬಡಗಿಯೊಬ್ಬರು ಕುದುರೆಯನ್ನು ಮತ್ತೆ ಅಂಟಿಸಿ ಎರಡು ದಿನ ಬಿಗಿಯಾಗಿ ಕಟ್ಟಿಟ್ಟರು. ನೈಲಾನ್ ತಂತಿ ಬಿಗಿದು ವಾರದವರೆಗೆ ಅದು ಶ್ರುತಿಯಲ್ಲಿ ನೆಲೆಗೊಳ್ಳಲು ಕಾದೆವು. ಅನಂತರ ಅವನು ಅದನ್ನು ಪ್ರಯೋಗಶಾಲೆಯ ಮೇಜಿನ ಬಳಿ ಕುಳಿತು ನುಡಿಸಿದನು, ಈ ಸಲ ಚೂರು ಬಿಟ್ಟು ಬೆರಳಿನಿಂದ. ಸಪ್ಪಳ ಕಡಿಮೆಯೇ ಇತ್ತು. ಆದರೆ ಪಕ್ಕದ ಕೋಣೆಯಲ್ಲಿ ಲೆಕ್ಕ ಬರೆಯುತ್ತಿದ್ದವರು ಲೇಖನಿ ಕೆಳಗಿಟ್ಟು ಬಾಗಿಲಿಗೆ ಬಂದು ನಿಂತರು. ಅವರಲ್ಲೊಬ್ಬರು ಚಿಂಚೋಳಿಯ ಕಡೆಯವರು. “ನಮ್ಮ ಚೌಡಿಕಿ ದನಿ ಇದ್ದಾಂಗ ಅದ” ಎಂದರು. ತಂತಿಯ ಒಳಗುಣವನ್ನು ಅವರ ಕಿವಿ ಯಾವ ಸೂತ್ರದ ನೆರವೂ ಇಲ್ಲದೆ ಸರಿಯಾಗಿ ಗುರುತಿಸಿತ್ತು.